ಸಹಜ ಭಾವಚಿತ್ರ ಛಾಯಾಗ್ರಹಣ

ಸಹಜ ಭಾವಚಿತ್ರ ಛಾಯಾಗ್ರಹಣವು ವ್ಯಕ್ತಿಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ ಭಂಗಿ ಕೊಡಿಸದೆ, ಆ ವ್ಯಕ್ತಿ ತನ್ನ ಕೆಲಸ, ಮಾತು, ನಗು ಅಥವಾ ಮೌನದಲ್ಲಿ ತೊಡಗಿರುವಾಗಲೇ ಮುಖಭಾವವನ್ನು ಸೆರೆಹಿಡಿಯುವ ಛಾಯಾಗ್ರಹಣ ಪ್ರಕಾರವಾಗಿದೆ. ಇದನ್ನು ಕ್ಯಾಂಡಿಡ್ ಛಾಯಾಗ್ರಹಣ ಎಂದೂ ಕರೆಯುವುದುಂಟು. ಸ್ಟುಡಿಯೋ ಭಾವಚಿತ್ರದಲ್ಲಿ ಬೆಳಕು, ಹಿನ್ನೆಲೆ ಮತ್ತು ಭಂಗಿಗಳನ್ನು ಛಾಯಾಗ್ರಾಹಕನು ರೂಪಿಸುತ್ತಾನೆ. ಸಹಜ ಭಾವಚಿತ್ರದಲ್ಲಿ ಇರುವ ಬೆಳಕನ್ನು ಆರಿಸಿಕೊಂಡು, ಬರುವ ಭಾವಕ್ಕಾಗಿ ಕಾಯುತ್ತಾನೆ. ಈ ಪ್ರಕಾರದ ಯಶಸ್ಸು ಮುಖ್ಯವಾಗಿ ಎರಡು ಅಂಶಗಳನ್ನು ಅವಲಂಬಿಸಿದೆ: ಮುಖದಲ್ಲಿನ ಅಕೃತ್ರಿಮ ಭಾವ ಮತ್ತು ಆ ಭಾವವನ್ನು ಕಾಣಿಸುವ ಒಳ್ಳೆಯ ಬೆಳಕು.

ಪದದ ಅರ್ಥ

ಕನ್ನಡದ 'ಭಾವಚಿತ್ರ' ಎಂಬ ಪದವು 'ಭಾವ' ಮತ್ತು 'ಚಿತ್ರ' ಎಂಬ ಎರಡು ಸಂಸ್ಕೃತ ಪದಗಳಿಂದ ಆಗಿದೆ. ಮುಖದ ಹೋಲಿಕೆಯಷ್ಟೇ ಅಲ್ಲದೆ ಒಳಗಿನ ಭಾವವೂ ಚಿತ್ರದಲ್ಲಿ ಇರಬೇಕೆಂಬ ನಿರೀಕ್ಷೆ ಈ ಪದದಲ್ಲಿಯೇ ಅಡಗಿದೆ. ಭರತನ ನಾಟ್ಯಶಾಸ್ತ್ರವು ಸ್ಥಾಯೀ, ವ್ಯಭಿಚಾರೀ ಮತ್ತು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು ಮತ್ತು ಪ್ರಲಯ ಎಂಬ ಎಂಟು ಸಾತ್ತ್ವಿಕ ಭಾವಗಳು ಮನಸ್ಸು ತಲ್ಲೀನವಾಗದೆ ಹುಟ್ಟುವುದಿಲ್ಲ ಎಂಬುದು ಆ ಗ್ರಂಥದ ನಿಲುವು. ಸಹಜ ಭಾವಚಿತ್ರವು ಹುಡುಕುವುದೂ ಇಂತಹ ತಲ್ಲೀನತೆಯನ್ನೇ.

ಇತಿಹಾಸ

ಆರಂಭದ ಕಾಲ

1839ರಲ್ಲಿ ಫ್ರಾನ್ಸಿನ ಲೂಯಿ ಡಾಗೆರ್‌ನ ಛಾಯಾಗ್ರಹಣ ವಿಧಾನವು ಸಾರ್ವಜನಿಕವಾಗಿ ಪ್ರಕಟವಾಯಿತು. ಆಗ ಒಂದು ಚಿತ್ರ ಮೂಡಲು ಹಲವು ನಿಮಿಷಗಳ ಬೆಳಕು ಬೇಕಾಗುತ್ತಿತ್ತು. ರಾಸಾಯನಿಕಗಳೂ ಮಸೂರಗಳೂ ಸುಧಾರಿಸಿದಂತೆ ಈ ಅವಧಿ ಸೆಕೆಂಡುಗಳಿಗೆ ಇಳಿಯಿತಾದರೂ, ಕುಳಿತವರು ಅಲುಗಾಡದಂತೆ ತಲೆಯ ಹಿಂದೆ ಲೋಹದ ಆಧಾರವನ್ನು ಇಡುವ ಪದ್ಧತಿ ಬಹುಕಾಲ ಉಳಿಯಿತು. ನಗುವನ್ನು ಅಷ್ಟು ಹೊತ್ತು ಹಿಡಿದಿಡುವುದು ಕಷ್ಟವಾದ್ದರಿಂದ, ಆ ಕಾಲದ ಚಿತ್ರಗಳಲ್ಲಿನ ಬಿಗಿದ ಮುಖಗಳಿಗೆ ತಾಂತ್ರಿಕ ಮಿತಿಯೂ ಒಂದು ಕಾರಣವಾಗಿತ್ತು.

ಕಲಬುರಗಿ ಪ್ರದೇಶವು 1948ರವರೆಗೆ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದಲ್ಲಿ ಭಾವಚಿತ್ರ ಕಲೆಗೆ ಹೆಸರಾದವರು ಲಾಲಾ ದೀನ್ ದಯಾಳ್ (1844–1905). ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದ ಅವರು ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸಿದರು. ಪರದೆ ಪದ್ಧತಿಯನ್ನು ಪಾಲಿಸುತ್ತಿದ್ದ ಸ್ತ್ರೀಯರಿಗಾಗಿ 1890ರ ದಶಕದಲ್ಲಿ ಮಹಿಳೆಯೊಬ್ಬರ ಮೇಲ್ವಿಚಾರಣೆಯ ಪ್ರತ್ಯೇಕ ಸ್ಟುಡಿಯೋವನ್ನೂ ಹೈದರಾಬಾದಿನಲ್ಲಿ ತೆರೆದರು. ಇವು ಭಂಗಿಯ ಚಿತ್ರಗಳೇ ಆದರೂ, ಚಿತ್ರ ತೆಗೆಯುವವರ ಎದುರು ವ್ಯಕ್ತಿಗೆ ನಿರಾಳತೆ ಇರಬೇಕೆಂಬ ತಿಳುವಳಿಕೆ ಆ ಏರ್ಪಾಟಿನಲ್ಲಿ ಕಾಣುತ್ತದೆ.

ಸಣ್ಣ ಕ್ಯಾಮೆರಾಗಳ ಕಾಲ

ಸಹಜ ಭಾವಚಿತ್ರವು ಒಂದು ಪ್ರಕಾರವಾಗಿ ಬೆಳೆದದ್ದು 1920ರ ದಶಕದಲ್ಲಿ. ಜರ್ಮನಿಯಲ್ಲಿ 1924ರಲ್ಲಿ ಬಂದ ಎರ್ಮಾನಾಕ್ಸ್ ಕ್ಯಾಮೆರಾವು ಬಹಳ ಅಗಲವಾಗಿ ತೆರೆದುಕೊಳ್ಳುವ ಮಸೂರವನ್ನು ಹೊಂದಿದ್ದು, ಕೋಣೆಯ ದೀಪದ ಬೆಳಕಿನಲ್ಲಿಯೇ ಚಿತ್ರ ತೆಗೆಯಲು ಅನುವು ಮಾಡಿಕೊಟ್ಟಿತು. 1925ರಲ್ಲಿ ಆಸ್ಕರ್ ಬರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದಿತು. ಅದು 35 ಮಿ.ಮೀ. ಫಿಲ್ಮ್ ಬಳಸುತ್ತಿದ್ದು, ಕೋಟಿನ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದಾಗಿತ್ತು.

ಎರ್ಮಾನಾಕ್ಸ್ ಬಳಸಿ ರಾಜತಾಂತ್ರಿಕ ಸಭೆಗಳಲ್ಲಿ ಗಣ್ಯರ ಅರಿವಿಗೆ ಬಾರದಂತೆ ಚಿತ್ರ ತೆಗೆದ ಜರ್ಮನ್ ಯಹೂದಿ ಛಾಯಾಗ್ರಾಹಕ ಎರಿಕ್ ಸಾಲೊಮನ್ (1886–1944) ಈ ಪ್ರಕಾರದ ಆದ್ಯರಲ್ಲಿ ಒಬ್ಬರು. 'ಕ್ಯಾಂಡಿಡ್ ಕ್ಯಾಮೆರಾ' ಎಂಬ ನುಡಿ ಇಂಗ್ಲಿಷ್ ಪತ್ರಿಕೆಗಳಲ್ಲಿ ಅವರ ಚಿತ್ರಗಳ ಮೂಲಕ ಪ್ರಚಾರಕ್ಕೆ ಬಂದಿತು. ಅವರು ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ಪ್ರಾಣ ಕಳೆದುಕೊಂಡರು. ಫ್ರಾನ್ಸಿನ ಆನ್ರಿ ಕಾರ್ಟಿಯೆ ಬ್ರೆಸಾನ್ (1908–2004) 1952ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ 'ನಿರ್ಣಾಯಕ ಕ್ಷಣ' ಎಂಬ ಪರಿಕಲ್ಪನೆ ಪ್ರಸಿದ್ಧವಾಯಿತು. 1948ರ ಜನವರಿ 30ರಂದು ಅವರು ಗಾಂಧೀಜಿಯವರನ್ನು ಭೇಟಿಯಾದ ಕೆಲವೇ ಗಂಟೆಗಳಲ್ಲಿ ಗಾಂಧೀಜಿಯವರ ಹತ್ಯೆಯಾಯಿತು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಈ ಪ್ರಕಾರದ ಪ್ರಮುಖ ಹೆಸರು ಟಿ. ಎಸ್. ಸತ್ಯನ್ ಅವರದು. 1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ ಜನಿಸಿದ ಅವರು ಮಹಾರಾಜ ಕಾಲೇಜಿನಲ್ಲಿ ಓದಿ, 1948ರಲ್ಲಿ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯ ಛಾಯಾಗ್ರಾಹಕರಾದರು. ಮುಂದೆ ಅವರ ಚಿತ್ರಗಳು 'ಲೈಫ್', 'ಟೈಮ್', 'ನ್ಯೂಸ್‌ವೀಕ್' ಮೊದಲಾದ ಪತ್ರಿಕೆಗಳಲ್ಲಿ ಪ್ರಕಟವಾದವು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನ ಕಾರ್ಯವನ್ನು ಚಿತ್ರಗಳಲ್ಲಿ ದಾಖಲಿಸಿದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿತವಾದವು. 1977ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 2009ರ ಡಿಸೆಂಬರ್ 13ರಂದು ಮೈಸೂರಿನಲ್ಲಿ ನಿಧನರಾದರು. ಸಾಮಾನ್ಯ ಜನರ ದಿನನಿತ್ಯದ ಬದುಕು ಅವರ ಕಪ್ಪು-ಬಿಳುಪು ಚಿತ್ರಗಳ ಮುಖ್ಯ ವಸ್ತುವಾಗಿದೆ. ಬಡವರ ಚಿತ್ರಗಳಲ್ಲಿಯೂ ಅವರು ಕರುಣೆಗಿಂತ ಘನತೆಯನ್ನು ಮುಂದಿಡುತ್ತಾರೆ.

ಕನ್ನಡ ಸಾಹಿತಿಗಳ ಭಾವಚಿತ್ರಗಳಿಗೆ ಕೆ. ಜಿ. ಸೋಮಶೇಖರ್ ಮತ್ತು ಎ. ಎನ್. ಮುಕುಂದ ಹೆಸರಾಗಿದ್ದಾರೆ. ಓದುಗರು ಪುಸ್ತಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಕಂಡು ಮನಸ್ಸಿನಲ್ಲಿ ಉಳಿಸಿಕೊಂಡಿರುವ ಲೇಖಕರ ಮುಖಗಳು ಇಂತಹ ಛಾಯಾಗ್ರಾಹಕರ ಕಣ್ಣಿನಿಂದ ಬಂದವುಗಳಾಗಿವೆ. ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಯೂತ್ ಫೊಟೊಗ್ರಾಫಿಕ್ ಸೊಸೈಟಿಯು ಹವ್ಯಾಸಿ ಛಾಯಾಗ್ರಾಹಕರಿಗೆ ತರಬೇತಿಯ ನೆಲೆಯಾಗಿದೆ.

ಸಹಜ ಭಾವದ ಲಕ್ಷಣಗಳು

ಫ್ರೆಂಚ್ ವೈದ್ಯ ದುಶೆನ್ 1862ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮುಖದ ಸ್ನಾಯುಗಳನ್ನು ಅಧ್ಯಯನ ಮಾಡಿ, ನಿಜವಾದ ನಗುವಿಗೂ ತೋರಿಕೆಯ ನಗುವಿಗೂ ಇರುವ ವ್ಯತ್ಯಾಸವನ್ನು ವಿವರಿಸಿದನು. ತೋರಿಕೆಯ ನಗುವಿನಲ್ಲಿ ತುಟಿಯ ಅಂಚುಗಳು ಮಾತ್ರ ಮೇಲೇರುತ್ತವೆ. ಮನಸಾರೆ ನಕ್ಕಾಗ ಕಣ್ಣನ್ನು ಸುತ್ತುವರಿದ ಸ್ನಾಯುವೂ ಸಂಕುಚಿತವಾಗಿ, ಕೆನ್ನೆಗಳು ಏರಿ, ಕಣ್ಣಿನ ಹೊರ ಅಂಚಿನಲ್ಲಿ ಸುಕ್ಕುಗಳು ಮೂಡುತ್ತವೆ. ಇದನ್ನು ಇಂದು 'ದುಶೆನ್ ನಗು' ಎಂದು ಕರೆಯಲಾಗುತ್ತದೆ. ಈ ಸ್ನಾಯುವನ್ನು ಇಚ್ಛೆಯಿಂದ ಆಡಿಸುವುದು ಅನೇಕರಿಗೆ ಕಷ್ಟವಾದ್ದರಿಂದ, 'ನಗಿರಿ' ಎಂದು ಹೇಳಿ ತೆಗೆದ ಚಿತ್ರದಲ್ಲಿ ಬಾಯಿ ನಕ್ಕರೂ ಕಣ್ಣು ನಗುವುದಿಲ್ಲ.

ಸಹಜ ಭಾವವೆಂದರೆ ನಗು ಮಾತ್ರವಲ್ಲ. ಕೆಲಸದಲ್ಲಿನ ಏಕಾಗ್ರತೆ, ಕೇಳುವಾಗಿನ ಗಮನ, ದಣಿವು, ಸಂಕೋಚ, ನೆನಪು, ಮುನಿಸು ಇವೆಲ್ಲವೂ ಮುಖದಲ್ಲಿ ಮೂಡುತ್ತವೆ. ಇವುಗಳಲ್ಲಿ ಹಲವು ಕ್ಷಣಮಾತ್ರ ಇರುವಂತಹವು. ನಗುವಿನ ಉತ್ತುಂಗಕ್ಕಿಂತ, ನಕ್ಕು ಮುಗಿಸಿ ಮುಖ ಸಡಿಲಗೊಳ್ಳುವ ಕ್ಷಣದಲ್ಲಿ ವ್ಯಕ್ತಿಯ ನಿಜವಾದ ಚಹರೆ ಕಾಣುತ್ತದೆ ಎಂಬುದು ಅನುಭವಿ ಛಾಯಾಗ್ರಾಹಕರಲ್ಲಿ ಸಾಮಾನ್ಯವಾದ ಅಭಿಪ್ರಾಯ.

ಭಾವವನ್ನು ಸೆರೆಹಿಡಿಯುವ ಕ್ರಮಗಳು

ಪರಿಚಯ ಮತ್ತು ಕಾಯುವಿಕೆ: ಕ್ಯಾಮೆರಾವನ್ನು ಹೊರತೆಗೆಯುವ ಮೊದಲು ಮಾತನಾಡಿಸುವುದು, ಕೊಟ್ಟ ನೀರು ಅಥವಾ ಚಹಾ ಕುಡಿಯುವುದು, ಅವರ ಕೆಲಸದ ಬಗ್ಗೆ ಕೇಳುವುದು ಮುಖದ ಬಿಗುವನ್ನು ಇಳಿಸುತ್ತದೆ. ಮೊದಲ ಕೆಲವು ಚಿತ್ರಗಳಲ್ಲಿ ಜನರು ಸೆರಗು, ರುಮಾಲು ಸರಿಪಡಿಸಿಕೊಂಡು ನೇರವಾಗಿ ನಿಲ್ಲುತ್ತಾರೆ. ಆ ಚಿತ್ರಗಳನ್ನೂ ತೆಗೆದು ತೋರಿಸಿದ ಬಳಿಕ ಕುತೂಹಲ ತಣಿದು, ಅವರು ತಮ್ಮ ಕೆಲಸಕ್ಕೆ ಮರಳುತ್ತಾರೆ. ಸಹಜ ಚಿತ್ರದ ಅವಕಾಶ ಅಲ್ಲಿಂದ ಆರಂಭವಾಗುತ್ತದೆ.

ಕೈಗೆ ಕೆಲಸ: ಕೈಗಳು ಏನು ಮಾಡಬೇಕೆಂದು ತಿಳಿಯದಿದ್ದಾಗ ಮುಖವೂ ಬಿಗಿಯುತ್ತದೆ. ರೊಟ್ಟಿ ಬಡಿಯುವುದು, ಕಾಳು ಹಸನು ಮಾಡುವುದು, ಎಲೆಗೆ ಸುಣ್ಣ ಹಚ್ಚುವುದು ಮುಂತಾದ ರೂಢಿಯ ಕೆಲಸದಲ್ಲಿ ಕೈ ತೊಡಗಿದಾಗ ಮನಸ್ಸು ಕ್ಯಾಮೆರಾವನ್ನು ಮರೆಯುತ್ತದೆ.

ಕಣ್ಣಿನ ಮಟ್ಟ: ಕುಳಿತ ವೃದ್ಧರನ್ನಾಗಲಿ ಆಡುವ ಮಕ್ಕಳನ್ನಾಗಲಿ ನಿಂತು ಮೇಲಿನಿಂದ ಚಿತ್ರಿಸಿದರೆ ಅವರು ಕುಗ್ಗಿದಂತೆ ಕಾಣುತ್ತಾರೆ. ಛಾಯಾಗ್ರಾಹಕನು ಕುಳಿತು ಅಥವಾ ಮಂಡಿಯೂರಿ ಅವರ ಕಣ್ಣಿನ ಮಟ್ಟಕ್ಕೆ ಬರುವುದು ಉಚಿತ.

ಸಂಬಂಧಗಳ ನಡುವೆ ಮುಖ: ಮುಖಭಾವವು ಹೆಚ್ಚಾಗಿ ಇನ್ನೊಬ್ಬರಿಗೆ ಕೊಟ್ಟ ಪ್ರತಿಕ್ರಿಯೆಯಾಗಿರುತ್ತದೆ. ಮಾತನಾಡುವವರಿಗಿಂತ ಕೇಳುವವರ ಮುಖವನ್ನು, ಮೊಮ್ಮಗುವಿಗಿಂತ ಅದನ್ನು ನೋಡುವ ಅಜ್ಜಿಯ ಮುಖವನ್ನು ಗಮನಿಸಿದರೆ ಒಳ್ಳೆಯ ಚಿತ್ರ ದೊರೆಯುವ ಸಾಧ್ಯತೆ ಹೆಚ್ಚು.

ಬೆಳಕು

ಬೆಳಕಿನ ಗುಣ

ಬೆಳಕಿನ ಮೂಲವು ಮುಖಕ್ಕೆ ಹೋಲಿಸಿದಾಗ ದೊಡ್ಡದಾಗಿ ಕಂಡಷ್ಟೂ ನೆರಳಿನ ಅಂಚುಗಳು ಮೃದುವಾಗುತ್ತವೆ. ಸೂರ್ಯನು ವಾಸ್ತವವಾಗಿ ಬಹುದೊಡ್ಡದಾದರೂ ದೂರದಲ್ಲಿರುವುದರಿಂದ ಆಕಾಶದಲ್ಲಿ ಸಣ್ಣ ಬಿಂದುವಿನಂತೆ ವರ್ತಿಸಿ ಗಡುಸಾದ ನೆರಳನ್ನು ಬೀಳಿಸುತ್ತಾನೆ. ಮೋಡ ಕವಿದಾಗ ಇಡೀ ಆಕಾಶವೇ ಬೆಳಕಿನ ಮೂಲವಾಗುವುದರಿಂದ ನೆರಳು ಮಸುಕಾಗುತ್ತದೆ. ಕಿಟಕಿ ಅಥವಾ ತೆರೆದ ಬಾಗಿಲಿನ ಬೆಳಕು ಒಂದೇ ದಿಕ್ಕಿನಿಂದ ಬರುವುದಾದರೂ ಮೃದುವಾಗಿದ್ದು, ಮುಖದ ಉಬ್ಬು-ತಗ್ಗುಗಳನ್ನು ಚೆನ್ನಾಗಿ ತೋರಿಸುತ್ತದೆ.

ಕಣ್ಣಿನ ಪಾಪೆಯಲ್ಲಿ ಬೆಳಕಿನ ಮೂಲವು ಸಣ್ಣ ಬಿಳಿ ಚುಕ್ಕೆಯಾಗಿ ಪ್ರತಿಫಲಿಸುತ್ತದೆ. ಈ ಕಣ್ಣಿನ ಹೊಳಪು ಇಲ್ಲದಿದ್ದರೆ ಭಾವ ಸಹಜವಾಗಿದ್ದರೂ ಮುಖ ನಿರ್ಜೀವವಾಗಿ ತೋರುತ್ತದೆ. ವ್ಯಕ್ತಿಯ ಕಣ್ಣಿನಲ್ಲಿ ಈ ಹೊಳಪು ಇದೆಯೇ ಎಂದು ನೋಡುವುದು ಬೆಳಕನ್ನು ಪರೀಕ್ಷಿಸುವ ಸರಳ ವಿಧಾನವಾಗಿದೆ.

ಉತ್ತರ ಕರ್ನಾಟಕದ ಬಯಲಿನಲ್ಲಿ

ಬೆಳಕಿನ ಪಾಠಗಳಲ್ಲಿ ಹೆಚ್ಚಿನವು ಯುರೋಪು ಮತ್ತು ಅಮೆರಿಕದ ಅಕ್ಷಾಂಶಗಳನ್ನು ಗಮನದಲ್ಲಿಟ್ಟು ಬರೆದವುಗಳಾಗಿದ್ದು, ದಖನ್ನಿನ ಬಯಲಿಗೆ ಅವನ್ನು ಹಾಗೆಯೇ ಅನ್ವಯಿಸಲಾಗದು. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಅತನೂರನ್ನು ಉದಾಹರಣೆಯಾಗಿ ನೋಡಬಹುದು. ಭೀಮಾ ನದಿ ಹರಿಯುವ ಈ ತಾಲ್ಲೂಕು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಮೇ ತಿಂಗಳ ಎರಡನೆಯ ವಾರದ ಸುಮಾರಿಗೆ ಮತ್ತು ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ವರ್ಷಕ್ಕೆ ಎರಡು ಬಾರಿ, ಸೂರ್ಯನು ಇಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ಭಾರತೀಯ ಕಾಲಮಾನವು ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶವನ್ನು ಆಧರಿಸಿರುವುದರಿಂದ, ಈ ಭಾಗದಲ್ಲಿ ಬೇಸಿಗೆಯ ನಿಜವಾದ ನಡುಹಗಲು ಗಡಿಯಾರದ 12.20ರ ನಂತರ ಬರುತ್ತದೆ. ಆಗ ಹುಬ್ಬಿನ ನೆರಳು ಕಣ್ಣಿನ ಗುಳಿಯನ್ನು ಕಪ್ಪಾಗಿಸುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ, ಬಿಸಿಲಿಗೆ ಜನರು ಕಣ್ಣು ಕಿರಿದುಗೊಳಿಸುತ್ತಾರೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯನು ದಿಗಂತದಿಂದ ಸುಮಾರು 49 ಡಿಗ್ರಿ ಮಾತ್ರ ಎತ್ತರದಲ್ಲಿರುವುದರಿಂದ, ಚಳಿಗಾಲದಲ್ಲಿ ಚಿತ್ರಕ್ಕೆ ಯೋಗ್ಯವಾದ ಹೊತ್ತು ಹೆಚ್ಚು.

ಸೂರ್ಯೋದಯದ ನಂತರದ ಮತ್ತು ಸೂರ್ಯಾಸ್ತದ ಮುಂಚಿನ ಹೊನ್ನಿನ ಬೆಳಕು ಇಲ್ಲಿ ಅಲ್ಪಕಾಲದ್ದು. ಉಷ್ಣವಲಯದಲ್ಲಿ ಸೂರ್ಯನು ದಿಗಂತಕ್ಕೆ ಬಹುತೇಕ ನೇರವಾಗಿ ಇಳಿಯುತ್ತಾನೆ. ವಿಷುವದ ಸಮಯದಲ್ಲಿ 6 ಡಿಗ್ರಿ ಎತ್ತರದಿಂದ ದಿಗಂತಕ್ಕೆ ಇಳಿಯಲು ಈ ಅಕ್ಷಾಂಶದಲ್ಲಿ ಸುಮಾರು 25 ನಿಮಿಷ ಸಾಕು. ಯುರೋಪಿನ ಉತ್ತರ ಭಾಗದಲ್ಲಿ ಇದಕ್ಕೆ ಗಣನೀಯವಾಗಿ ಹೆಚ್ಚು ಕಾಲ ಬೇಕು. ಆದ್ದರಿಂದ ಇಲ್ಲಿ ಸ್ಥಳವನ್ನೂ ದಿಕ್ಕನ್ನೂ ಮೊದಲೇ ಗೊತ್ತುಮಾಡಿಕೊಳ್ಳುವುದು ಅಗತ್ಯ.

ಹಗಲಿನ ಉಳಿದ ಹೊತ್ತಿನಲ್ಲಿ ಊರಿನ ಕಟ್ಟಡಗಳೇ ಬೆಳಕನ್ನು ಹದಗೊಳಿಸುತ್ತವೆ:

ಹೊಸ್ತಿಲು ಮತ್ತು ಪಡಸಾಲೆ: ಬಾಗಿಲಿನ ಒಳಗೆ ಒಂದೆರಡು ಹೆಜ್ಜೆ ಸರಿದು, ಹೊರಗಿನ ಬೆಳಕಿಗೆ ಮುಖ ಮಾಡಿ ಕುಳಿತವರ ಮೇಲೆ ಮೃದುವಾದ ಬೆಳಕು ಬೀಳುತ್ತದೆ. ಹಿಂದಿನ ಕೋಣೆಯ ಕತ್ತಲೆ ಸಹಜ ಹಿನ್ನೆಲೆಯಾಗುತ್ತದೆ.

ಬೆಳಕಿಂಡಿ: ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ ಛಾವಣಿಯ ಬೆಳಕಿಂಡಿಯಿಂದ ಬೆಳಕಿನ ಕೋಲು ಇಳಿಯುತ್ತದೆ. ನೇರವಾಗಿ ಅದರ ಕೆಳಗೆ ಕುಳಿತರೆ ನಡುಹಗಲಿನ ದೋಷವೇ ಉಂಟಾಗುತ್ತದೆ. ಸ್ವಲ್ಪ ಹಿಂದೆ ಸರಿದು ಮುಖವನ್ನು ಮೇಲೆತ್ತಿದಾಗ, ಅಥವಾ ನೆಲದಿಂದ ಚಿಮ್ಮಿದ ಬೆಳಕಿನಲ್ಲಿ, ಚಿತ್ರ ಚೆನ್ನಾಗಿ ಬರುತ್ತದೆ.

ಶಹಾಬಾದ್ ಕಲ್ಲು ಮತ್ತು ಸುಣ್ಣದ ಗೋಡೆ: ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರು ಹೊತ್ತ ಸುಣ್ಣಕಲ್ಲಿನ ಹಾಸು ಈ ಭಾಗದ ಅಂಗಳಗಳಲ್ಲಿ ಸಾಮಾನ್ಯ. ಬಿಸಿಲು ಬಿದ್ದ ಹಾಸು ಮತ್ತು ಸುಣ್ಣ ಬಳಿದ ಗೋಡೆಗಳು ಬೆಳಕನ್ನು ಹಿಂದಿರುಗಿಸಿ ಕಣ್ಣಿನ ಕೆಳಗಿನ ನೆರಳನ್ನು ತುಂಬುತ್ತವೆ. ಕಪ್ಪು ಎರೆಮಣ್ಣಿನ ಹೊಲ ಹೆಚ್ಚಿನ ಬೆಳಕನ್ನು ಹೀರಿಕೊಳ್ಳುವುದರಿಂದ ಅಲ್ಲಿ ನೆರಳು ಗಾಢವಾಗಿಯೇ ಉಳಿಯುತ್ತದೆ. ಹಸಿರು ಅಥವಾ ನೀಲಿ ಬಣ್ಣದ ಗೋಡೆಗಳು ತಮ್ಮ ಬಣ್ಣವನ್ನು ಮುಖಕ್ಕೂ ಬಳಿಯುತ್ತವೆ.

ಮರದ ನೆರಳು: ಬೇವಿನ ಮರದ ವಿರಳ ಎಲೆಗಳ ನಡುವಿನಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಇಳಿದು ಮುಖವನ್ನು ಕಲೆಗಟ್ಟಿಸುತ್ತದೆ. ಆಲ ಅಥವಾ ಹುಣಸೆಯ ದಟ್ಟ ನೆರಳಿನ ಅಂಚು ಇದಕ್ಕಿಂತ ಉತ್ತಮ.

ಒಲೆಯ ಬೆಳಕು: ರೊಟ್ಟಿ ಸುಡುವಾಗ ಒಲೆಯ ಕೆಂಪು ಬೆಳಕು ಕೆಳಗಿನಿಂದ ಮುಖಕ್ಕೆ ತಾಗುತ್ತದೆ. ಅದರ ಬಣ್ಣವನ್ನು ಪೂರ್ತಿಯಾಗಿ ತಿದ್ದದೆ ಉಳಿಸಿಕೊಳ್ಳುವುದು ವಾಡಿಕೆ.

ಮೈಬಣ್ಣ ಮತ್ತು ಬೆಳಕಿನ ಅಳತೆ

ಕ್ಯಾಮೆರಾದ ಬೆಳಕುಮಾಪಕವು ತಾನು ಕಾಣುವುದೆಲ್ಲವನ್ನೂ ಸರಾಸರಿ ಬೂದು ಬಣ್ಣವೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಬಿಳಿ ರುಮಾಲು, ಬಿಳಿ ಅಂಗಿ ಮತ್ತು ಧೋತರ ಉಟ್ಟ ರೈತರು ಚೌಕಟ್ಟನ್ನು ತುಂಬಿದಾಗ ಅದು ಬೆಳಕನ್ನು ತಗ್ಗಿಸುವುದರಿಂದ ಮುಖ ಕಪ್ಪಾಗುತ್ತದೆ. ಕತ್ತಲೆಯ ಹಿನ್ನೆಲೆಯಿದ್ದಾಗ ಇದಕ್ಕೆ ವಿರುದ್ಧವಾಗಿ ಮುಖ ವಿಪರೀತ ಬೆಳ್ಳಗಾಗುತ್ತದೆ. ಮುಖದ ಮೇಲಿನ ಬೆಳಕನ್ನು ಮಾತ್ರ ಅಳೆಯುವ ಸ್ಪಾಟ್ ಮೀಟರಿಂಗ್, ಅಥವಾ ಅಗತ್ಯಕ್ಕೆ ತಕ್ಕಂತೆ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ತಿದ್ದುಪಡಿ ಇದಕ್ಕೆ ಪರಿಹಾರ.

ಬಣ್ಣದ ಫಿಲ್ಮ್ ಯುಗದಲ್ಲಿ ಮುದ್ರಣದ ಬಣ್ಣಗಳನ್ನು ಹೊಂದಿಸಲು ಕೊಡಾಕ್ ಸಂಸ್ಥೆ ಬಳಸುತ್ತಿದ್ದ 'ಶರ್ಲೀ ಕಾರ್ಡ್'ಗಳಲ್ಲಿ ಬಹುಕಾಲ ಬಿಳಿಯ ಮೈಬಣ್ಣದ ಮಹಿಳೆಯರ ಚಿತ್ರವೇ ಇತ್ತು. ಇದರಿಂದ ಕಪ್ಪು ಮೈಬಣ್ಣದ ವಿವರಗಳು ಮುದ್ರಣದಲ್ಲಿ ನಷ್ಟವಾಗುತ್ತಿದ್ದವು. ಇಂದಿನ ಮೊಬೈಲ್ ಫೋನುಗಳ ಸೌಂದರ್ಯ ಫಿಲ್ಟರ್‌ಗಳು ಮೈಬಣ್ಣವನ್ನು ತಿಳಿಗೊಳಿಸಿ ಸುಕ್ಕುಗಳನ್ನು ಅಳಿಸಿದಾಗಲೂ ಇದೇ ತೆರನಾದ ನಷ್ಟ ಉಂಟಾಗುತ್ತದೆ. ಸಹಜ ಭಾವಚಿತ್ರಕ್ಕಾಗಿ ಇವನ್ನು ನಿಷ್ಕ್ರಿಯಗೊಳಿಸಬೇಕಾಗುತ್ತದೆ.

ಉಪಕರಣಗಳು

ಪೂರ್ಣ ಗಾತ್ರದ ಸಂವೇದಕವಿರುವ ಕ್ಯಾಮೆರಾದಲ್ಲಿ ಮುಖಕ್ಕೆ 85 ಮಿ.ಮೀ., ಸುತ್ತಲಿನ ಪರಿಸರ ಸಹಿತವಾದ ಚಿತ್ರಕ್ಕೆ 35 ಅಥವಾ 50 ಮಿ.ಮೀ. ಮಸೂರ ರೂಢಿಯಲ್ಲಿದೆ. ಮುಖದ ಪ್ರಮಾಣವನ್ನು ನಿರ್ಧರಿಸುವುದು ಮಸೂರಕ್ಕಿಂತ ಹೆಚ್ಚಾಗಿ ದೂರ. ಅತಿ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿಗಳು ಸಣ್ಣದಾಗಿ ಕಾಣುತ್ತವೆ. ಮೊಬೈಲ್ ಫೋನಿನಲ್ಲಿ ಒಂದೂವರೆ ಮೀಟರಿಗಿಂತ ಹೆಚ್ಚು ದೂರ ನಿಂತು, ಲಭ್ಯವಿದ್ದರೆ ಎರಡು ಅಥವಾ ಮೂರು ಪಟ್ಟಿನ ಮಸೂರವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಮಾತನಾಡುವ ಮುಖಕ್ಕೆ ಸೆಕೆಂಡಿನ 1/125ರಿಂದ 1/250 ಭಾಗದ ಶಟರ್ ವೇಗ ಸಾಮಾನ್ಯವಾಗಿ ಸಾಕು. ಆಡುವ ಮಕ್ಕಳಿಗೆ 1/500 ಬೇಕಾಗಬಹುದು. ಎಫ್/2ರಿಂದ ಎಫ್/4ರ ರಂಧ್ರವು ಹಿನ್ನೆಲೆಯನ್ನು ಮಸುಕಾಗಿಸುತ್ತದೆ. ಫೋಕಸ್ ಕ್ಯಾಮೆರಾಕ್ಕೆ ಹತ್ತಿರದ ಕಣ್ಣಿನ ಮೇಲಿರಬೇಕು. ಫ್ಲ್ಯಾಶ್ ಬಳಸಿದರೆ ಬೆಳಕಿನ ಸಹಜತೆ ಕೆಡುವುದಲ್ಲದೆ, ಮೊದಲ ಮಿಂಚಿಗೇ ಜನರು ಎಚ್ಚೆತ್ತುಕೊಳ್ಳುತ್ತಾರೆ. ಕತ್ತಲಿದ್ದಲ್ಲಿ ಐಎಸ್‌ಒ ಮೌಲ್ಯವನ್ನು ಏರಿಸಿ, ಚಿತ್ರದಲ್ಲಿ ಮೂಡುವ ಕಾಳುಗಳನ್ನು ಒಪ್ಪಿಕೊಳ್ಳುವುದು ಲೇಸು.

ಸಂದರ್ಭಗಳು

ಜಾತ್ರೆ, ಉರುಸು, ಸಂತೆ, ಸುಗ್ಗಿ ಮತ್ತು ಮದುವೆಗಳು ಸಹಜ ಭಾವಚಿತ್ರಕ್ಕೆ ಅನುಕೂಲವಾದ ಸಂದರ್ಭಗಳು. ಕಲಬುರಗಿಯ ಶರಣಬಸವೇಶ್ವರ ಜಾತ್ರೆ, ಖ್ವಾಜಾ ಬಂದೇ ನವಾಜ್ ದರ್ಗಾದ ಉರುಸು, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರ ಮತ್ತು ಘತ್ತರಗಿಯ ಭಾಗ್ಯವಂತಿ ದೇವಸ್ಥಾನಗಳಲ್ಲಿ ಅಪಾರ ಜನ ಸೇರುತ್ತಾರೆ. ಎಳ್ಳಮಾವಾಸ್ಯೆಯಂದು ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಒಟ್ಟಿಗೆ ಕುಳಿತು ಉಣ್ಣುತ್ತವೆ. ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಈ ಹಬ್ಬದ ಹೊತ್ತಿಗೆ ಬಿಸಿಲು ಓರೆಯಾಗಿರುವುದರಿಂದ ಬೆಳಕೂ ಭಾವವೂ ಏಕಕಾಲಕ್ಕೆ ಒದಗುತ್ತವೆ. ಭಕ್ತಿಯ ಆವೇಶದಲ್ಲಿರುವವರ, ರೋಗಪೀಡಿತರ ಅಥವಾ ಸ್ನಾನಘಟ್ಟದಲ್ಲಿರುವವರ ಚಿತ್ರ ತೆಗೆಯುವುದು ಅನುಚಿತ.

ಒಪ್ಪಿಗೆ, ಕಾನೂನು ಮತ್ತು ನೈತಿಕತೆ

ಸಹಜ ಚಿತ್ರವೆಂದರೆ ಕದ್ದು ತೆಗೆದ ಚಿತ್ರವೆಂದು ಅರ್ಥವಲ್ಲ. ಮೊದಲೇ ಒಪ್ಪಿಗೆ ಪಡೆದು, ಬಳಿಕ ಕ್ಯಾಮೆರಾ ಮರೆಯುವವರೆಗೆ ಕಾಯಬಹುದು. ಅಥವಾ ತೆಗೆದ ಕೂಡಲೇ ತೋರಿಸಿ, ಬೇಡವೆಂದರೆ ಅಳಿಸಬಹುದು. ಅಕ್ಷರ ಬಾರದವರಿಗೆ ಚಿತ್ರವು ಎಲ್ಲಿ, ಯಾವ ಉದ್ದೇಶಕ್ಕೆ ಪ್ರಕಟವಾಗುವುದೆಂದು ಬಾಯಿಮಾತಿನಲ್ಲಿ ವಿವರಿಸುವುದು ಛಾಯಾಗ್ರಾಹಕನ ಹೊಣೆ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಸಲ್ಲಿಸಿದ್ದ ಅರ್ಜಿಯ ವಿಚಾರಣೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪು ನೀಡಿತು. ಮಹಿಳೆಯರನ್ನು ಅವರ ಖಾಸಗಿ ಸಂದರ್ಭಗಳಲ್ಲಿ ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನ ಅಡಿಯಲ್ಲಿ ಅಪರಾಧವಾಗಿದೆ. ಬಾಲನ್ಯಾಯ ಕಾಯ್ದೆ, 2015ರ 74ನೆಯ ಕಲಮು, ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಅಥವಾ ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತು ತಿಳಿಯುವಂತಹ ಚಿತ್ರಗಳ ಪ್ರಕಟಣೆಯನ್ನು ನಿಷೇಧಿಸುತ್ತದೆ.

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಿತ್ರದ ಹಕ್ಕು ಸಾಮಾನ್ಯವಾಗಿ ಅದನ್ನು ತೆಗೆದವರದು. ಹಣ ಕೊಟ್ಟು ತೆಗೆಸಿಕೊಂಡ ಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವರಿಗೆ ಸೇರುತ್ತದೆ. 2012ರ ತಿದ್ದುಪಡಿಯ ಬಳಿಕ ಛಾಯಾಚಿತ್ರಗಳ ಹಕ್ಕಿನ ಅವಧಿಯು ಛಾಯಾಗ್ರಾಹಕರ ಜೀವಿತಾವಧಿ ಮತ್ತು ಆನಂತರದ 60 ವರ್ಷಗಳಾಗಿವೆ.

ಮಹತ್ವ

ಗ್ರಾಮೀಣ ಪ್ರದೇಶದ ಅನೇಕ ಮನೆಗಳಲ್ಲಿ ಗತಿಸಿದ ಹಿರಿಯರ ಗೋಡೆಯ ಚಿತ್ರವು ಮತದಾರರ ಗುರುತಿನ ಚೀಟಿಯಿಂದಲೋ ಪಡಿತರ ಚೀಟಿಯಿಂದಲೋ ಹಿಗ್ಗಿಸಿದ್ದಾಗಿರುತ್ತದೆ. ಕಚೇರಿಯ ಸರದಿಯಲ್ಲಿ, ನೇರ ಬೆಳಕಿನಲ್ಲಿ, ನಗಬಾರದೆಂಬ ಸೂಚನೆಯೊಡನೆ ತೆಗೆದ ಅಂತಹ ಚಿತ್ರವು ವ್ಯಕ್ತಿಯನ್ನು ಗುರುತಿಸಲು ನೆರವಾಗುತ್ತದೆ. ಆದರೆ ಆ ವ್ಯಕ್ತಿ ಹೇಗೆ ನಗುತ್ತಿದ್ದರು, ಹೇಗೆ ಕೇಳಿಸಿಕೊಳ್ಳುತ್ತಿದ್ದರು ಎಂಬುದನ್ನು ಮುಂದಿನ ತಲೆಮಾರಿಗೆ ತಿಳಿಸುವುದಿಲ್ಲ. ತಮ್ಮ ಪಡಸಾಲೆಯಲ್ಲಿ, ತಮ್ಮವರ ನಡುವೆ ಕುಳಿತಾಗ ತೆಗೆದ ಒಂದು ಸಹಜ ಭಾವಚಿತ್ರವು ಈ ಕೊರತೆಯನ್ನು ತುಂಬಬಲ್ಲದು. ತೆಗೆದ ಚಿತ್ರವನ್ನು ಮುದ್ರಿಸಿ ಅವರ ಮನೆಗೆ ತಲುಪಿಸುವುದು ಈ ಪ್ರಕಾರದ ಒಳ್ಳೆಯ ಸಂಪ್ರದಾಯಗಳಲ್ಲಿ ಒಂದಾಗಿದೆ.

ಇವನ್ನೂ ನೋಡಿ

ಛಾಯಾಗ್ರಹಣ
ಟಿ. ಎಸ್. ಸತ್ಯನ್
ಲಾಲಾ ದೀನ್ ದಯಾಳ್
ಆನ್ರಿ ಕಾರ್ಟಿಯೆ ಬ್ರೆಸಾನ್
ನಾಟ್ಯಶಾಸ್ತ್ರ
ಅಫಜಲಪುರ